ಕೈ ಹಚ್ಚಬಾರದ ಕಲ್ಲು

ಯಡ್ರಾಮಿಯ ಹೊಲವೊಂದರಲ್ಲಿ ಸುಟ್ಟ ಬೋರ್‌ವೆಲ್ ಮೋಟಾರನ್ನು ಮೇಲೆತ್ತಿಸುತ್ತಿದ್ದ ಅರುಣಕುಮಾರನಿಗೆ ಜೇವರ್ಗಿಯ ಮನೆಯಿಂದ ಮಗಳ ಫೋನು ಬಂತು. ಗ್ರೀಸು ಮೆತ್ತಿದ ಕೈಯಿಂದಲೇ ಕಿವಿಗಿಟ್ಟುಕೊಂಡ.

“ಅಪ್ಪಾ, ಮೀನಿನ ಪೆಟ್ಟಿಗಿ ತೊಳಿಯಾಕತ್ತೀವಿ!” ರಾಧಿಕಾಳ ದನಿಯಲ್ಲಿ ಹಿಗ್ಗು. “ಪಂಚಮಿ ಬಂತಲ್ಲ, ಆಯಿ ಮುಂಜಾನಿಂದ ಮನಿಯೆಲ್ಲಾ ತೊಳದಾಳ. ಕಲ್ಲಿಗಿ ಪಾಚಿ ಹಿಡದದ ಅಂತ ಪಾತೇಲಿದಾಗ ಹಾಕಿ ಕುದಿಸಾಕತ್ತಾಳ.”

“ಯಾವ ಕಲ್ಲು?”

“ಅಂಗಿ ಗುಂಡಿಯಂಗ ಹಸರು ಹಸರು ಅದಾವಲ್ಲ, ಅದು.”

ಅರುಣ ಮೋಟಾರು ಬಿಟ್ಟು ಬೈಕಿನ ಕಡೆ ಹೊರಟ.

ಆ ಪೆಟ್ಟಿಗೆಯನ್ನು ಕೂಡಿಸಿದವನು ಅವನೇ. ಮೊಬೈಲಿನಲ್ಲಿ ಹವಳದ ವಿಡಿಯೋ ನೋಡಿ ಮಗಳು ಹಟ ಹಿಡಿದಾಗ, ಈ ಬಿಸಿಲೂರಿಗೆ ಸಮುದ್ರ ಹೊತ್ತು ತರ್ತೀರೇನು ಎಂದು ಹೆಂಡತಿ ವಿಜಯಶ್ರೀ ನಕ್ಕಿದ್ದಳು. ಮೋಟಾರಿಗೆ ತಂತಿ ಸುತ್ತುವವನಿಗೆ ಪಂಪು, ಲೈಟು ದೊಡ್ಡ ಮಾತಲ್ಲ. ಇಪ್ಪತ್ತೈದು ಲೀಟರು ಹಿಡಿಯುವ ಗಾಜಿನ ಪೆಟ್ಟಿಗೆ ತಂದ. ಫಿಲ್ಟರ್ ನೀರಿಗೆ ಅಂಗಡಿಯ ಸಮುದ್ರದುಪ್ಪು ಕರಗಿಸಿದ. ನೀರು ಕಾಯದಿರಲಿ ಎಂದು ಹಾಳಾದ ಕಂಪ್ಯೂಟರಿನ ಫ್ಯಾನು ಬಿಚ್ಚಿ ಮೇಲೆ ಕೂಡಿಸಿದ. ಮೊದಲು ತಂದ ಒಣಕಲ್ಲುಗಳನ್ನು ರಾಧಿಕಾ ಆಯಿ ಎನ್ನುವ ತನ್ನವ್ವ ಶಾರದಾಬಾಯಿಯ ಕಣ್ಣೆದುರೇ, ಅದೇ ಪಾತೇಲಿಯಲ್ಲಿ ಕುದಿಸಿ ಸ್ವಚ್ಛ ಮಾಡಿದ್ದ. ಎರಡು ತಿಂಗಳು ನೀರು ಹದಕ್ಕೆ ಬರಲೆಂದು ಕಾದು ಒಂದೇ ಒಂದು ಮೀನು ಬಿಟ್ಟ. ವಾರಕ್ಕೊಮ್ಮೆ ನಾಲ್ಕು ತಂಬಿಗೆ ನೀರು ಬದಲಿಸಿದರೆ ಮುಗಿಯಿತು, ಮತ್ತೇನೂ ಉಪದ್ವ್ಯಾಪವಿಲ್ಲ.

ಆಮೇಲೆ ಬಂದದ್ದು ಮೈತುಂಬ ಗುಂಡಿಯಂಥ ಜೀವಂತ ಹವಳ ಹೊತ್ತ ಆ ಕಲ್ಲು. ಕಲಬುರಗಿಯ ಮೀನಿನಂಗಡಿಯ ಏಜಾಜ ಅದನ್ನು ಚೀಲಕ್ಕೆ ಹಾಕುತ್ತ ಹೇಳಿದ್ದ, “ಸಸ್ತಾ ಅದ ಭಾಯ್, ಜಲ್ದಿ ಸಾಯಂಗಿಲ್ಲ. ಆದ್ರ ಖಾಲಿ ಕೈಲೆ ಮುಟ್ಟಬ್ಯಾಡ್ರಿ. ಬಿಸಿ ನೀರಾಗಂತೂ ಹಾಕಲೇಬ್ಯಾಡ್ರಿ. ಜಹರ್ ಅದ ಅದರಾಗ. ಉಗಿ ಉಸರಿನಾಗ ಹೋತಂದ್ರ ಜೀವಕ್ಕ ಬರ್ತದ.”

ಜಹರ್, ವಿಷ ಎಂಬ ಮಾತು ಮನೆಯಲ್ಲಿ ಬಿದ್ದರೆ ವಿಜಯಶ್ರೀ ಪೆಟ್ಟಿಗೆಯನ್ನೇ ಎತ್ತಿ ಬೀದಿಗಿಡುತ್ತಿದ್ದಳು. ಅದಕ್ಕೇ ಅರುಣ ಮಾತನ್ನು ತಿರುವಿ ಹೇಳಿದ್ದ: “ಯಾರೂ ಕೈ ಹಚ್ಚಬ್ಯಾಡ್ರಿ. ಹಚ್ಚಿದ್ರ ಅದು ಸಾಯ್ತದ.”

“ರಾಧೀ, ಹೊರಗ ಓಡು! ಆಯಿನ್ನ ಕರಿ!” ಅವನ ಕೂಗಿಗೆ ಹೊಲದವರೆಲ್ಲ ತಿರುಗಿ ನೋಡಿದರು.

“ನಾ ಅಂಗಳದಾಗಽ ಅದೀನಪ್ಪಾ. ಆಯೀ, ಹೊರಗ ಬರಬೇಕಂತ!”

ದೂರದಿಂದ ಅವ್ವನ ದನಿ ಕೇಳಿಸಿತು. “ನಿಮ್ಮಪ್ಪಗೇನು ಹುಚ್ಚು ಹಿಡದದೇನ ಬೇ? ಆವತ್ತು ತಾನಽ ಕುದಿಸಿದ್ದಿಲ್ಲೇನು? ಗ್ಯಾಸ್ ಸುಮ್ಮನ ಉರೀಲೇನು? ತಡಿ, ಬಂದ್ ಮಾಡಿ ಬರ್ತೇನಿ.”

“ಬ್ಯಾಡವ್ವಾ! ಒಳಗ ಹೋಗಬ್ಯಾಡ!”

ಕೆಮ್ಮು ಕೇಳಿಸಿತು. ಮತ್ತೊಂದು. ಆಮೇಲೆ ಫೋನೇ ಕಟ್ಟಾಯಿತು.

ಬೈಕು ಹತ್ತಿದ ಅರುಣನ ಕಣ್ಣ ಮುಂದೆ ರಸ್ತೆ ಇರಲಿಲ್ಲ. ಮಳೆಗಾಲದ ನೊಣಕ್ಕೆ ಹೆದರಿ ಅವ್ವ ಸದಾ ಮುಚ್ಚಿಡುವ ಅಡುಗೆಮನೆಯ ಕಿಟಕಿ ಇತ್ತು. ನಿಂತು ನಿಂತು ಫೋನು ಹಚ್ಚಿದ. ಮನೆಯ ಫೋನು ಹತ್ತಲಿಲ್ಲ. ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದ ವಿಜಯಶ್ರೀ ನಾಲ್ಕನೆಯ ಸಲಕ್ಕೆ ಎತ್ತಿದಳು.

“ಹಬ್ಬದ ಗಿರಾಕಿ ಮೈಮ್ಯಾಲ ಬಿದ್ದಾರ, ಈಗೇನ್ರಿ?”

“ಲಗೂನ ಮನಿಗಿ ಹೋಗು. ಅವ್ವನ್ನ ದವಾಖಾನಿಗಿ ಒಯ್ಯಿ.”

“ಯಾಕ? ಏನಾತು?”

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದ. “ಹೊಗಿ ಕುಡದಾಳ.”

ಆ ಮಾತು ದಾರಿಯುದ್ದಕ್ಕೂ ಅವನ ಬೆನ್ನ ಮೇಲೆ ಕೂತು ಬಂತು. ಹೋಗುವಷ್ಟರಲ್ಲಿ ಮನೆ ಮುಂದೆ ಮಂದಿ ಸೇರಿದ್ದರೆ? ಯಾರಾದರೂ ತನ್ನನ್ನು ನೋಡಿ ತಲೆ ತಗ್ಗಿಸಿದರೆ?

ಜೇವರ್ಗಿಯ ದವಾಖಾನೆಯಲ್ಲಿ ಅವ್ವ ಮಂಚದ ಮೇಲೆ ಕುಳಿತು ಕೆಮ್ಮುತ್ತಿದ್ದಳು. ಮುಖ ಬೂದಿ ಬಳಿದಂತಿತ್ತು. ಬೆರಳಿಗೆ ಸಿಕ್ಕಿಸಿದ, ಆಕ್ಸಿಜನ್ ಅಳೆಯುವ ಪುಟ್ಟ ಮಷೀನಿನಲ್ಲಿ ತೊಂಬತ್ತು ಎಂಬ ಅಂಕಿ ಮಿನುಗುತ್ತಿತ್ತು. ರಾಧಿಕಾ ತಾಯಿಯ ಸೆರಗು ಹಿಡಿದು ನಿಂತಿದ್ದಳು.

“ಬಾಯೆಲ್ಲಾ ತಾಮ್ರದ ಗಿಂಡಿ ನೆಕ್ಕಿದಂಗ ಆಗೇದ,” ಎಂದಳು ಅವ್ವ.

“ಹೊಗಿ ಒಳಗ ಹೋದ್ರ ಹಂಗಽ,” ಎಂದ ಸಣ್ಣ ವಯಸ್ಸಿನ ಡಾಕ್ಟರು. “ಇಂಜೆಕ್ಷನ್ ಕೊಟ್ಟೀನ್ರಿ. ಸಂಜಿಗಿ ಮನಿಗಿ ಕರಕೊಂಡು ಹೋಗ್ರಿ.”

ಮನೆಗೆ ಹೋಗಬಹುದು. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅರುಣ ಒಂದು ಕ್ಷಣ ಆ ಮಾತಿಗೆ ಜೋತುಬಿದ್ದ. ಮಷೀನಿನ ಅಂಕಿ ಎಂಬತ್ತೊಂಬತ್ತಾಯಿತು.

“ಹೊಗಿ ಅಲ್ರಿ ಸರ್,” ಎಂದ. “ಮೀನಿನ ಪೆಟ್ಟಿಗಿದಾಗಿನ ಕಲ್ಲು ಕುದಿಸ್ಯಾಳ. ಅದರಾಗ ವಿಷ ಇರ್ತದ.”

“ಕಲ್ಲಿನಾಗ ವಿಷಾ?” ಡಾಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿದ.

ಅರುಣ ಏಜಾಜನಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದ. “ಕುದಿಸ್ಯಾರಾ? ಯಾ ಅಲ್ಲಾ!” ಎಂಬ ದನಿ ಕೋಣೆ ತುಂಬಿತು. “ನಿಮಗ ಹೇಳಿದ್ದೆನಲ್ರಿ ಭಾಯ್! ದೊಡ್ಡ ದವಾಖಾನಿಗಿ ಒಯ್ರಿ. ಇದಕ್ಕ ಮದ್ದಿಲ್ಲಂತ, ಉಸರು ಕಾಯಬೇಕಂತ.”

ಡಾಕ್ಟರು ಆಕ್ಸಿಜನ್ ಹಚ್ಚಿಸಿದ, ಅಂಬುಲೆನ್ಸ್ ಕರೆಸಿದ, ಅದೇ ಮಷೀನನ್ನು ರಾಧಿಕಾಳ ಬೆರಳಿಗೂ ಸಿಕ್ಕಿಸಿದ. ತೊಂಬತ್ತೆಂಟು ಬಂತು. ಆಗ ವಿಜಯಶ್ರೀ ಗಂಡನ ಕಡೆ ತಿರುಗಿದಳು.

“ನಿಮಗ ಗೊತ್ತಿತ್ತು?”

ಅವನು ಹೌದೆಂದು ತಲೆಯಾಡಿಸಿದ. ಅವಳು ಮಗಳನ್ನು ತನ್ನ ಕಡೆಗೆ ಎಳೆದುಕೊಂಡಳು.

ಕಲಬುರಗಿಯ ದಾರಿಯಲ್ಲಿ ಅಂಬುಲೆನ್ಸು ಓಡುತ್ತಿತ್ತು. ಅರುಣನ ಕಣ್ಣು ಅಂಕಿಯ ಮೇಲೇ ಇತ್ತು. ತೊಂಬತ್ತೊಂದು. ಮತ್ತೆ ತೊಂಬತ್ತು. ಅವ್ವ ಮುಖದ ಮಾಸ್ಕನ್ನು ತುಸು ಸರಿಸಿದಳು.

“ನಾ ಕೈ ಹಚ್ಚಿಲ್ಲ ಮಗಾ. ಇಕ್ಕಳಲೇ ಹಿಡದು ಇಟ್ಟಿದ್ದೆ,” ಎಂದಳು ಏದುಸಿರಿನಲ್ಲಿ. “ಸತ್ತಿಲ್ಲಲ್ಲ ಅದು?”

ಅರುಣ ಮಾಸ್ಕನ್ನು ಮತ್ತೆ ಸರಿಯಾಗಿ ಕೂಡಿಸಿದ.

“ಮುಟ್ಟಿದ್ರ ಅದು ಸಾಯಂಗಿಲ್ಲವ್ವಾ,” ಎಂದ. “ಸಾಯೋರು ನಾವು. ನಾ ನಿನಗ ಸುಳ್ಳು ಹೇಳಿದ್ದೆ.”

ಅವ್ವ ಅವನನ್ನೇ ನೋಡುತ್ತ ಉಸಿರು ಎಳೆದಳು, ಬಿಟ್ಟಳು, ಮತ್ತೆ ಎಳೆದಳು. ಅವನು ಒಂದೊಂದನ್ನೂ ಎಣಿಸುತ್ತ ಕುಳಿತ.