ಹತ್ತು ಕೋಟಿ ಆಟ

ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಲೆ ಬಾಚಿಕೊಂಡು, "ಹೋಗಿ ಹೇಳಿ ಬಂದ್ಬಿಡ್ತೀನಿ" ಎಂದು ಬಾಗಿಲು ಎಳೆದುಕೊಂಡು ಹೋದಾಗ ಹತ್ತೂಕಾಲು ಗಂಟೆ. ಅವರು ಹೇಳಲು ಹೊರಟಿದ್ದು ಇಷ್ಟೇ: ನಾನು ಕಟ್ಟಿದ ಆಟ ಕೆಲಸಕ್ಕೆ ಬಾರದು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಎಂದು. ಹಾಗೆ ಹೇಳಿಸುತ್ತಿದ್ದವಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಅವರ ಮಗಳು.

ಅವಳಿಗೆ ಮನೆಯಲ್ಲಿ ದಶಾಂಶ ಎಂದೇ ಹೆಸರು. ಎಷ್ಟು ಹೊತ್ತಿಗೆ ಬರ್ತೀಯೇ ಎಂದು ಅಮ್ಮ ಕೇಳಿದರೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ಎನ್ನುವ ಜಾತಿ. ನೀರು ಸರಬರಾಜು ಕಚೇರಿಯಲ್ಲಿ ಅವಳಿಗೆ ಕೆಲಸ. ಯಾವ ಬಡಾವಣೆಯ ಕೊಳವೆ ಎಷ್ಟು ಒತ್ತಡಕ್ಕೆ ಬಿರಿಯುತ್ತದೆ ಎಂಬುದನ್ನು ರಸ್ತೆ ಅಗೆಯುವ ಮೊದಲೇ ಕಂಪ್ಯೂಟರಿನಲ್ಲಿ ಹರಿಸಿ ನೋಡುತ್ತಾಳೆ. ಲೆಕ್ಕದಲ್ಲಿ ಅವಳನ್ನು ಕೆಣಕಲು ಕಚೇರಿಯಲ್ಲಿ ಯಾರಿಗೂ ಧೈರ್ಯವಿಲ್ಲ.

ಅಪ್ಪನದು ಬೇರೆ ಲೋಕ. ಕ್ಲಬ್ಬಿನ ಬ್ಲ್ಯಾಕ್‌ಜಾಕ್ ಮೇಜಿನ ಹಿಂದೆ ನಿಂತು ಮೂವತ್ತೊಂದು ವರ್ಷ ಎಲೆ ಹಂಚಿದವರು. ಮನೆಯೊಳಗೆ ಮಾತ್ರ ಇಸ್ಪೀಟು ಕಟ್ಟು ಬರಕೂಡದು ಎಂಬುದು ಅವರದೇ ಕಟ್ಟಪ್ಪಣೆ. ಮಗಳಿಗೂ ಅದೇ ಬೇಕಾಗಿತ್ತು. ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ಅವಳು ಪ್ರತಿ ವರ್ಷವೂ ‘ಗುಮಾಸ್ತ’ ಎಂದು ಬರೆಯುತ್ತಿದ್ದಳು. ಅಪ್ಪ ಅದನ್ನು ಓದಿ, ಕೆಳಗೆ ಸಹಿ ಹಾಕಿ ಕೊಡುತ್ತಿದ್ದರು. ಇಷ್ಟು ವರ್ಷಗಳಲ್ಲಿ ಅವಳು ಕ್ಲಬ್ಬಿನ ಮೆಟ್ಟಿಲು ಹತ್ತಿದವಳಲ್ಲ, ಅಪ್ಪನ ಕೆಲಸದ ಬಗ್ಗೆ ಒಂದು ಮಾತು ಕೇಳಿದವಳೂ ಅಲ್ಲ.

ಹೋದ ವರ್ಷ ಬೆರಳು ನಡುಗತೊಡಗಿದ್ದರಿಂದ ಅಪ್ಪ ಕೆಲಸ ಬಿಟ್ಟರು. ಮನೆಯಲ್ಲಿ ಕೂತು ಕೂತು ಒಂದು ಹೊಸ ಆಟ ಕಟ್ಟಿದರು. ಮೂಲ ಆಟ ಎಲ್ಲರಿಗೂ ಗೊತ್ತಿರುವುದೇ. ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಿದರೆ ಔಟ್. ಹಂಚುವವನು ಹದಿನೇಳು ಮುಟ್ಟುವವರೆಗೆ ಎಲೆ ಎಳೆಯಲೇಬೇಕು. ಅಪ್ಪ ಸೇರಿಸಿದ್ದು ಒಂದೇ ಒಂದು ತಿರುವು: ಮೊದಲ ಎರಡು ಎಲೆಗಳಲ್ಲಿ ಒಂದು ಹಿಡಿಸದಿದ್ದರೆ ಅದನ್ನು ಕೊಟ್ಟು ಬೇರೆ ತೆಗೆದುಕೊಳ್ಳಬಹುದು, ಆದರೆ ಹಾಗೆ ಮಾಡಿ ಗೆದ್ದರೆ ಸಿಗುವುದು ಅರ್ಧ ಮಾತ್ರ.

ಕ್ಲಬ್ಬಿನ ಒಡತಿ ವರ್ಷಕ್ಕೆ ಒಂದೇ ಹೊಸ ಮೇಜು ಹಾಕಿಸುವುದು. ಒಂದು ಕಂಪನಿಯವರೂ ತಮ್ಮ ಆಟ ತಂದಿದ್ದರು, ಆದರೂ ಅಪ್ಪನದೇ ಅವರಿಗೆ ಹಿಡಿಸಿತ್ತು. ಆದರೆ ಒಂದು ಷರತ್ತು ಹಾಕಿದ್ದರು. ಮಹಾ ಜಾಣನಾದ ಆಟಗಾರ ಇದನ್ನು ಹೇಗೆ ಆಡುತ್ತಾನೆ, ಅವನೆದುರೂ ಕ್ಲಬ್ಬಿಗೆ ನೂರು ರೂಪಾಯಿ ಪಣಕ್ಕೆ ಎಷ್ಟು ಉಳಿಯುತ್ತದೆ, ತೋರಿಸಿ. ಗಡುವು ಇವತ್ತು ಮಧ್ಯಾಹ್ನ ಹನ್ನೆರಡು. ಅದನ್ನು ಕೈಲೆಕ್ಕದಲ್ಲಿ ಹಾಕುವವನು ಇನ್ನೂ ಹುಟ್ಟಿಲ್ಲ. ಅಪ್ಪ ಮೂರು ವಾರದ ಕೆಳಗೆ ಹಿಂದೆ ಮುಂದೆ ನೋಡುತ್ತಾ ಮಗಳನ್ನು ಕೇಳಿದರು. ಮಗಳು ಒಪ್ಪಿದಳು.

ದಿನಾ ಸಂಜೆ ಅಪ್ಪ ನಿಯಮ ಹೇಳುವುದು, ಇವಳು ಬರೆದುಕೊಳ್ಳುವುದು. ಪ್ರೋಗ್ರಾಂ ಸಿದ್ಧವಾಯಿತು. ಯಂತ್ರದೊಳಗಿನ ಆಟಗಾರ ಏನೂ ಅರಿಯದವನಾಗಿ ಶುರುಮಾಡುತ್ತಾನೆ. ಸಿಕ್ಕ ಎಲೆಗಳ ಕೈಗೆಲ್ಲ ಸಾಕೆಂದು ನಿಲ್ಲುವುದು, ಎಲೆ ಕೇಳುವುದು, ಬದಲಿಸುವುದು ಮೂರನ್ನೂ ಮಾಡಿ ನೋಡಿ, ಪೆಟ್ಟು ತಿಂದು ಕಲಿಯುತ್ತಾನೆ. ಹತ್ತು ಕೋಟಿ ಆಟ ಮುಗಿದಾಗ ಯಾವ ಕೈಗೆ ಏನು ಮಾಡಬೇಕು ಎಂಬ ಪಟ್ಟಿ ತಯಾರು. ಆ ಪಟ್ಟಿ ಹಿಡಿದು ಆಡಿದವನು ನೂರಕ್ಕೆ ಮೂರು ಗೆಲ್ಲುತ್ತಾನೆ ಎಂದಿತು ಯಂತ್ರ. ಅಂಥ ಮೇಜನ್ನು ಯಾವ ಕ್ಲಬ್ಬಿನವರು ಹಾಕಿಸುತ್ತಾರೆ? ಅವರೇನು ಧರ್ಮಛತ್ರ ನಡೆಸುತ್ತಿದ್ದಾರೆಯೇ?

ಅಪ್ಪ ಪಟ್ಟಿಯ ಒಂದು ಚೌಕದ ಮೇಲೆ ಬೆರಳಿಟ್ಟು ತಡವರಿಸಿದ್ದರು.

"ಕೈಯಲ್ಲಿ ಹದಿನಾಲ್ಕಿದೆ, ಹಂಚೋನ ಮುಂದೆ ಆರು ಬಿದ್ದಿದೆ, ಅವನೇ ಔಟಾಗೋ ಎಲೆ ಅದು. ಆಗ್ಲೂ ಎಲೆ ಕೇಳೋದಾ?"

"ಲೆಕ್ಕ ಹಾಗೇ ಹೇಳತ್ತೆ ಅಪ್ಪಾ."

"ಹೌದಾ. ಹತ್ತು ಕೋಟಿ ಆಟ ಅಂದ್ಯಲ್ಲ. ಅಷ್ಟೊಂದು ನಾನೆಲ್ಲಿ ಹಂಚಿದೀನಿ."

ಆ ‘ಹೌದಾ’ ಅವಳನ್ನು ಕೊರೆಯುತ್ತಿತ್ತು. ಅಪ್ಪ ಹೋದ ಮೇಲೆ ಮನಸ್ಸು ತಡೆಯದೆ, ಯಂತ್ರ ಆಡಿದ ಆಟಗಳಲ್ಲಿ ಇನ್ನೂರನ್ನು ಕಾಗದಕ್ಕೆ ಇಳಿಸಿ ಒಂದೊಂದಾಗಿ ಓದತೊಡಗಿದಳು. ಆಟಗಾರ 19, ಹಂಚುವವ 18, ಗೆಲುವು. ಆಟಗಾರ 20, ಹಂಚುವವ 20, ಸಮ. ಎಲ್ಲ ಸರಿಯಾಗಿಯೇ ಇತ್ತು. ತಪ್ಪು ಸಿಗಲಿ ಎಂದು ಹಾರೈಸುತ್ತಾ ತನ್ನ ಲೆಕ್ಕವನ್ನೇ ಓದುವುದು ಅವಳಿಗೆ ಹೊಸದು. ಹನ್ನೊಂದಾಯಿತು.

ಅಮ್ಮ ಬೀನ್ಸ್ ಮುರಿಯುತ್ತಾ ಬಂದು ಪಕ್ಕದಲ್ಲಿ ನಿಂತಳು. ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಬಗ್ಗಿ ಓದಿದಳು.

"ಇದೇನೇ ಇದು? ಆಟಗಾರ ಇಪ್ಪತ್ನಾಲ್ಕು, ಹಂಚೋನು ಇಪ್ಪತ್ತಾರು, ಸಮ?"

"ಇಬ್ರೂ ಇಪ್ಪತ್ತೊಂದು ದಾಟಿದ್ರು, ಇಬ್ರೂ ಔಟ್. ಅಲ್ಲಿಗೆ ಸಮ ಅಲ್ವಾ?"

"ಸಮ ಹೇಗಾಗತ್ತೆ? ಆಟಗಾರ ಔಟಾದ ತಕ್ಷಣ ಅವನ ಪಣದ ಬಿಲ್ಲೆ ಬಾಚ್ಕೊಂಡಾಯ್ತಲ್ಲ. ಆಮೇಲೆ ಹಂಚೋನು ಏನಾದ್ರೆ ಅವನಿಗೇನು? ನಿಮ್ಮಪ್ಪ ನಿದ್ದೇಲೂ ಹೀಗೆ ಬಾಚ್ತಾರೆ ನೋಡು, ಹೊದ್ದಿಗೆ ಎಲ್ಲ ಅವರ ಕಡೆಗೇ ಹೋಗತ್ತೆ." ಅಮ್ಮ ಬೀನ್ಸ್ ಹಿಡಿದ ಕೈಯಿಂದಲೇ ಮೇಜನ್ನು ಸವರಿ ತೋರಿಸಿದಳು.

ದಶಾಂಶ ಕಾಗದಗಳನ್ನು ಪಕ್ಕಕ್ಕೆ ತಳ್ಳಿದಳು. ಕ್ಲಬ್ಬಿನ ಲಾಭವೆಲ್ಲ ಕೂತಿರುವುದೇ ಅಲ್ಲಿ. ಆಟಗಾರ ಮೊದಲು ಆಡುತ್ತಾನೆ, ಮೊದಲು ಔಟಾಗುತ್ತಾನೆ, ಅಲ್ಲಿಗೆ ಅವನ ಕತೆ ಮುಗಿಯಿತು. ಅಪ್ಪ ಇದನ್ನು ಹೇಳಿರಲಿಲ್ಲ. ಮೂವತ್ತೊಂದು ವರ್ಷ ಕೈ ತಾನಾಗಿ ಮಾಡಿದ್ದನ್ನು ನಿಯಮ ಎಂದು ಬಾಯಿ ಬಿಟ್ಟು ಹೇಳಬೇಕೆಂದು ಅವರಿಗೆ ಹೊಳೆದಿರಲೂ ಇಲ್ಲ. ಒಂದು ಸಲವಾದರೂ ಆ ಮೇಜಿನ ಮುಂದೆ ಕೂತಿದ್ದರೆ ಇವಳಿಗೂ ಕೇಳಬೇಕಾಗಿ ಬರುತ್ತಿರಲಿಲ್ಲ.

ಅಪ್ಪನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಕ್ಲಬ್ಬಿನ ಬಾಗಿಲಲ್ಲೇ ಫೋನ್ ತೆಗೆದಿಟ್ಟುಕೊಳ್ಳುತ್ತಾರೆ ಎಂದು ಅಮ್ಮ ನೆನಪಿಸಿದಳು. ತಿದ್ದಬೇಕಾದದ್ದು ಎರಡೇ ಸಾಲು, ಆದರೆ ಅವಸರದಲ್ಲಿ ಮೂರು ಸಲ ತಪ್ಪು ಒತ್ತಿದಳು. ಹಳೆಯ ಪಟ್ಟಿ ಅಳಿಸಿ, ಮೊದಲಿನಿಂದ ಆಡಲು ಬಿಟ್ಟು, ಲ್ಯಾಪ್‌ಟಾಪ್ ತೆರೆದಂತೆಯೇ ಎದೆಗವಚಿಕೊಂಡು ಓಡಿದಳು. ಚಾರ್ಜರ್ ಗೋಡೆಯಲ್ಲೇ ಉಳಿಯಿತು.

ಟ್ಯಾಕ್ಸಿಯಲ್ಲಿ ಕೂತಾಗ ಹನ್ನೊಂದೂ ಇಪ್ಪತ್ತು. ಬ್ಯಾಟರಿ ನೂರಕ್ಕೆ ಹದಿನೆಂಟು. ಹತ್ತು ಲಕ್ಷ ಆಟಕ್ಕೊಮ್ಮೆ ಪರದೆಯ ಮೇಲೆ ಒಂದು ಸಂಖ್ಯೆ ಬೀಳುತ್ತಿತ್ತು. ಕ್ಲಬ್ಬಿಗೆ 5.8. ಅದನ್ನು ನೋಡಿ ಕುಣಿಯುವಂತಿರಲಿಲ್ಲ. ಒಳಗಿನ ಆಟಗಾರ ಇನ್ನೂ ದಡ್ಡ. ಅವನು ಕಲಿತಷ್ಟೂ ಈ ಸಂಖ್ಯೆ ಇಳಿಯುತ್ತದೆ. ಎಲ್ಲಿ ನಿಲ್ಲುತ್ತದೆ ಎಂಬುದೇ ಪ್ರಶ್ನೆ. ಸೊನ್ನೆಗಿಂತ ಕೆಳಗೆ ಹೋಯಿತೋ, ಅಪ್ಪ ಹೇಳಲು ಹೋಗಿದ್ದೇ ನಿಜವಾಗುತ್ತದೆ.

3.9. ಸಿಗ್ನಲ್ಲಿನಲ್ಲಿ ಕೆಂಪು. 2.6. ಮುಂದೆ ಒಂದು ಲಾರಿ ಅಡ್ಡಡ್ಡ ತಿರುಗಿಸಿಕೊಳ್ಳುತ್ತಾ ಇಡೀ ರಸ್ತೆಯನ್ನೇ ನುಂಗಿ ನಿಂತಿತ್ತು. 1.9. ಅವಳು ಉಗುರು ಕಚ್ಚತೊಡಗಿದಳು. ನಿಲ್ಲೋ ಮಾರಾಯ, ಅಷ್ಟು ಜಾಣನಾಗಬೇಡ ಎಂದು ಯಂತ್ರದೊಳಗಿನವನನ್ನು ಮನಸ್ಸಿನಲ್ಲೇ ಬೇಡಿಕೊಂಡಳು. 1.6. ಬ್ಯಾಟರಿ ಏಳು.

"ಏನ್ ಮೇಡಂ, ಮ್ಯಾಚಾ?" ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿ ಕೇಳಿದ.

"ಹೂಂ. ಸ್ವಲ್ಪ ಬೇಗ ಹೋಗಿ."

"ಯಾರು ಗೆಲ್ತಿದ್ದಾರೆ?"

"ಅದೇ ಗೊತ್ತಾಗ್ತಿಲ್ಲ!" ಎಂದು ಅವಳು ಕೂಗಿದ್ದಕ್ಕೆ ಪಾಪ, ಅವನು ಬಾಯಿ ಮುಚ್ಚಿಕೊಂಡು ಗಾಡಿ ಓಡಿಸಿದ.

1.5. 1.4. ಮತ್ತೆ 1.4. ಇನ್ನೂ ಹತ್ತು ಲಕ್ಷ ಆಟ, 1.4. ಮತ್ತೂ 1.4. ಆಟಗಾರ ಕಲಿಯುವುದನ್ನೆಲ್ಲ ಕಲಿತಾಗಿತ್ತು, ಆದರೂ ಕ್ಲಬ್ಬಿಗೆ ನೂರಕ್ಕೆ ಒಂದೂವರೆಯ ಹತ್ತಿರ ಉಳಿಯುತ್ತಿತ್ತು. ಯಾವ ಒಡತಿಯೂ ಕಣ್ಣಿಗೊತ್ತಿಕೊಳ್ಳುವ ಸಂಖ್ಯೆ. ಅಪ್ಪ ಕಟ್ಟಿದ ಆಟ ಅಪ್ಪಟವಾಗಿತ್ತು. ಕ್ಲಬ್ಬಿನ ಗೇಟಿನ ಮುಂದೆ ಬ್ಯಾಟರಿ ಸತ್ತು ಪರದೆ ಕಪ್ಪಾದಾಗ ಅವಳಿಗೆ ಅದರ ಗೊಡವೆಯೇ ಇರಲಿಲ್ಲ.

ಕ್ಲಬ್ಬು ಅವಳು ಅಂದುಕೊಂಡಂತೆ ಇರಲಿಲ್ಲ. ಹಗಲು ಹೊತ್ತಿನಲ್ಲಿ ಮೇಜುಗಳೆಲ್ಲ ಬಟ್ಟೆ ಹೊದ್ದು ಮಲಗಿದ್ದವು. ಹೆಂಗಸೊಬ್ಬಳು ನೆಲ ಒರೆಸುತ್ತಿದ್ದಳು. ಬಾಗಿಲಿನವನು ಫೋನು, ಲ್ಯಾಪ್‌ಟಾಪ್ ಎರಡನ್ನೂ ಇಸಿದುಕೊಂಡು, ಯಾರ ಮಗಳು ಎಂದು ತಿಳಿದದ್ದೇ, "ಹೋಗಮ್ಮ, ಮೇಲಿದ್ದಾರೆ" ಎಂದು ಮೆಟ್ಟಿಲು ತೋರಿಸಿದ.

ಒಡತಿಯ ಕೋಣೆಯಲ್ಲಿ ಅಪ್ಪ ಕುರ್ಚಿಯ ತುದಿಯಲ್ಲಿ ಕೂತು ಎರಡೂ ಕೈಯಲ್ಲಿ ಕಪ್ಪು ಹಿಡಿದು ಟೀ ಕುಡಿಯುತ್ತಿದ್ದರು. ಎದುರಿಗೆ ಟೈ ಕಟ್ಟಿದವನೊಬ್ಬ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದ.

"ತಪ್ಪು ನಂದು ಮೇಡಂ," ಎಂದಳು ದಶಾಂಶ, ಏದುಸಿರು ಬಿಡುತ್ತಾ. "ಅಪ್ಪನ ಆಟ ಸರಿಯಾಗೇ ಇದೆ. ನಾನು ಒಂದು ನಿಯಮ ಬಿಟ್ಟಿದ್ದೆ. ನಿಮಗೆ ನೂರಕ್ಕೆ ಒಂದು ಪಾಯಿಂಟ್ ನಾಲ್ಕು ಉಳಿಯತ್ತೆ. ಈಗಷ್ಟೇ ನೋಡ್ದೆ."

ಒಡತಿ ಒಳ್ಳೆಯ ಹೆಂಗಸು. ಅವರ ಮುಖ ಸಪ್ಪಗಾಯಿತು.

"ನಾನೇ ಎರಡು ಸಲ ಕೇಳ್ದೆ ಕಣಮ್ಮ, ಇನ್ನೊಮ್ಮೆ ನೋಡಿಸಿ ಅಂತ. ‘ನನ್ನ ಮಗಳು ನೋಡಿದ್ದಾಳೆ, ಸಾಕು’ ಅಂದ್ರು. ಇವರ ಕಂಪನಿಯ ಆಟಕ್ಕೆ ಸಹಿ ಹಾಕ್ಕೊಟ್ಟೆ. ಈಗ ಹಿಂದೆ ಸರಿಯೋಕಾಗಲ್ಲ."

ಟೈ ಕಟ್ಟಿದವನು ಪೆಟ್ಟಿಗೆಯನ್ನು ತೊಡೆಯ ಮೇಲೆ ಹತ್ತಿರಕ್ಕೆ ಎಳೆದುಕೊಂಡ. ಅಪ್ಪ ಎದ್ದು, ಪರವಾಗಿಲ್ಲ ಮೇಡಂ ಎಂದು ನಕ್ಕು, ಕಪ್ಪನ್ನು ಬಸಿಯ ಮೇಲೆ ಸದ್ದಾಗದಂತೆ ಇಡಲು ನೋಡಿದರು. ಸದ್ದಾಯಿತು.

ಮೆಟ್ಟಿಲಿಳಿಯುವಾಗ ಅವಳಿಗೆ ತಡೆಯಲಾಗಲಿಲ್ಲ.

"ಅಮ್ಮಂಗೆ ಒಂದೇ ನೋಟಕ್ಕೆ ಗೊತ್ತಾಯ್ತು. ನಿಮಗೆ ಅನುಮಾನಾನೇ ಬರ್ಲಿಲ್ವಾ ಅಪ್ಪಾ?"

"ಬಂತಮ್ಮ. ಆ ಹದಿನಾಲ್ಕರ ಚೌಕ ನೋಡಿದಾಗ್ಲೇ ನೀನು ಎಲ್ಲೋ ಎಡವಿದೀಯ ಅನ್ನಿಸ್ತು. ಎಲ್ಲಿ ಅಂತ ತಿಳೀಲಿಲ್ಲ."

"ಮತ್ತೆ ಹೇಳೋದಲ್ವಾ? ಇನ್ನೊಂದ್ಸಲ ನೋಡು ಅಂತ ಬೈಯೋದಲ್ವಾ?"

ಅಪ್ಪ ಒಂದು ಮೆಟ್ಟಿಲು ಇಳಿದು ನಿಂತರು.

"ಮೂರು ವಾರ ನೀನು ದಿನಾ ಸಂಜೆ ಬಂದು ಪಕ್ಕದಲ್ಲಿ ಕೂತ್ಕೋತಿದ್ದೆ. ಹೇಗೆ ಹಂಚ್ತೀರಿ, ಎಲೆ ಹೇಗೆ ಕಲಸ್ತೀರಿ, ಎಲ್ಲ ಕೇಳ್ತಿದ್ದೆ. ಅದಕ್ಕೆ ಮುಂಚೆ ಯಾವತ್ತಾದ್ರೂ ಕೇಳಿದ್ಯಾ? ನಿನ್ನ ಲೆಕ್ಕ ತಪ್ಪು ಅಂದ್ಬಿಟ್ರೆ ಎದ್ದು ಹೋಗ್ಬಿಡ್ತೀಯೇನೋ ಅಂತ ಹೆದರಿಕೆ ಆಯ್ತು. ಮೇಜು ಹೋದ್ರೆ ಹೋಗ್ಲಿ ಅಂದ್ಕೊಂಡೆ."

ದಶಾಂಶ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ನೆಲ ಒರೆಸುವವಳು ತಲೆಯೆತ್ತಿ ನೋಡುವ ಹಾಗೆ ಅತ್ತಳು. ನಾಚಿಕೆಯಿಂದ, ಸಂಕಟದಿಂದ, ತನ್ನ ಮೇಲಿನ ಸಿಟ್ಟಿನಿಂದ ಅತ್ತಳು.

"ಬೈಬೇಕಿತ್ತು ಅಪ್ಪಾ."

ಅಪ್ಪ ಅವಳ ಪಕ್ಕದಲ್ಲಿ, ಮೊಣಕಾಲು ಹಿಡಿದುಕೊಂಡು, ನಿಧಾನವಾಗಿ ಕೂತರು.

"ಇನ್ಮೇಲೆ ಬೈತೀನಿ ಬಿಡು," ಎಂದರು.