ಹಳದಿ ಗೌನಿನ ಹರಕು

ಹನ್ನೆರಡು ವರ್ಷದ ನಮ್ಮ ತನ್ವಿಗೆ ಸ್ಕೂಲಿನ ಡಿಬೇಟಿನಲ್ಲಿ ಸಿಕ್ಕಿದ್ದು ಎಂಥ ವಿಷಯ ನೋಡಿ. ಒಂಬೈನೂರು ವರ್ಷದ ಹಿಂದೆ ಯುರೋಪಿನ ಕ್ರೈಸ್ತರು ಜೆರುಸಲೇಮಿಗಾಗಿ ಯುದ್ಧಕ್ಕೆ ಹೋದರಲ್ಲ, ಅವರು ಹೊರಟದ್ದು ಭಕ್ತಿಯಿಂದ ಅಂತ ಇವಳು ವಾದಿಸಬೇಕು. ಅಲ್ಲ, ದುರಾಸೆಯಿಂದ ಅಂತ ಎದುರು ಪಾರ್ಟಿ. ಸೋಮವಾರ ಬೆಳಿಗ್ಗೆ ಡಿಬೇಟು, ಅಪ್ಪ ಅಮ್ಮಂದಿರೂ ಬರಬೇಕು.

ಶನಿವಾರ ತಿಂಡಿ ಹೊತ್ತಿಗೆ ನಮ್ಮನೆಯವರ ಮುಂದೆ ಪ್ರಾಕ್ಟೀಸು ಮಾಡಿದಳು. ಅದೇ ತಪ್ಪಾಯಿತು. ಪ್ರದ್ಯುಮ್ನ ಅನ್ನೋ ಈ ಮಹಾಶಯರಿಗೆ ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ದಿನವಿಡೀ ಬೇರೆಯವರು ಬರೆದ ಕಂಪ್ಯೂಟರ್ ಕೋಡಿನಲ್ಲಿ ತಪ್ಪು ಹುಡುಕೋದೇ ಕೆಲಸ. ಮನೆಗೆ ಬಂದರೂ ಆ ಚಾಳಿ ಬಿಡಲ್ಲ.

"ಹೋದರೆ ಪಾಪ ಪರಿಹಾರ ಅಂತ ಪೋಪು ಹೇಳಿದ್ರು, ಅದಕ್ಕೇ ಹೋದ್ರು," ಅಂದಳು ಇಂಗ್ಲಿಷಿನಲ್ಲಿ.

"ಬುರುಡೆ! ಜಮೀನಿಗೆ, ಲೂಟಿಗೆ ಹೋದ್ರು. ದೇವರಿಗೋಸ್ಕರ ಯಾರಮ್ಮಾ ಎರಡು ಸಾವಿರ ಮೈಲಿ ನಡೀತಾರೆ?" ಅಂತ ಇವರು ದೋಸೆ ಮುರಿದರು.

ಮಗಳ ಕಣ್ಣು ತುಂಬಿಬಿಟ್ಟಿತು. "ನೀನೇ ನಂಬಲ್ಲ, ಕ್ಲಾಸು ಹೇಗೆ ನಂಬುತ್ತೆ? ಸೋಮವಾರ ನಾನು ಹೋಗಲ್ಲ!" ಅಂತ ಕೂಗಿ, ಚಾರ್ಜರು ಹುಡುಕೋ ನೆಪದಲ್ಲಿ ಒಳಗೆ ಹೋದಳು. ನಾನು ಇವರನ್ನು ಸರಿಯಾಗಿ ತರಾಟೆಗೆ ತಗೊಂಡೆ.

ಎರಡೇ ನಿಮಿಷ. ಇವರ ಹಳೇ ಲ್ಯಾಪ್‌ಟಾಪ್ ಬ್ಯಾಗಿನಿಂದ ಹಳದಿ ಬಟ್ಟೆಯ ಗಂಟೊಂದನ್ನು ಹಿಡಿದುಕೊಂಡು ಬಂದಳು. "ಅಪ್ಪಾ, ವಾಟ್ ಈಸ್ ದಿಸ್ ಹರಕು?" ಆ ಪದ ಅವಳಿಗೆ ಚೆನ್ನಾಗಿ ಗೊತ್ತು. ಅವಳ ಜೀನ್ಸ್ ನೋಡಿ ನಾನು ದಿನಾ ಬೈಯೋದೇ ಅದು.

"ಎಸೀಬೇಡ! ಹರಕು ಅಲ್ಲ ಅದು, ಹರಕೆ!" ಅಂತ ಕಿರುಚಿದವರು ತಕ್ಷಣ ನಾಲಿಗೆ ಕಚ್ಚಿಕೊಂಡರು.

ನಾನು ಒಲೆ ಆರಿಸಿದೆ. "ಯಾವ ಹರಕೆ ರೀ? ನನಗೆ ಗೊತ್ತಿಲ್ಲದ ಹರಕೆ?"

ಹೇಳಿದರು, ತಲೆ ತಗ್ಗಿಸಿಕೊಂಡು. ತನ್ವಿ ಏಳನೇ ತಿಂಗಳಿಗೇ ಹುಟ್ಟಿ ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದಳು. ನೋಡಲು ಹೋಗುವವರಿಗೆ ಹಳದಿ ಗೌನು ಹಾಕಿಸುತ್ತಿದ್ದರು. ಆ ಗೌನಿನ ಅಂಚು ಹರಿದು, ಜೇಬಿನಲ್ಲಿದ್ದ ಕಾಲು ಡಾಲರಿನ ನಾಣ್ಯ ಕಟ್ಟಿ ಮುಡಿಪು ಮಾಡಿದರಂತೆ. ಮಗು ಮನೆಗೆ ಬಂದರೆ ಲಿವರ್‌ಮೋರ್ ದೇವಸ್ಥಾನಕ್ಕೆ ತಲೆ ಬೋಳಿಸಿಕೊಂಡು ಬರ್ತೀನಿ ಅಂತ ಬೇಡಿಕೊಂಡರಂತೆ.

ನನಗೆ ಅಳುವೂ ಬಂತು, ಸಿಟ್ಟೂ ಬಂತು. "ಹನ್ನೆರಡು ವರ್ಷದಿಂದ ಯಾಕೆ ತೀರಿಸಲಿಲ್ಲ?"

ಇವರು ತಮ್ಮ ಸೊಂಪಾದ ಕ್ರಾಪಿನ ಮೇಲೆ ಕೈಯಾಡಿಸಿದರು. "ಆಫೀಸಲ್ಲಿ ಏನಂದ್ಕೋತಾರೋ ಅಂತ..."

"ಅಯ್ಯೋ ನಿಮ್ಮ ಕೂದಲಿಗಿಷ್ಟು!"

ಹರಕೆ ಅಂದರೇನು ಅಂತ ತನ್ವಿಗೆ ಬಿಡಿಸಿ ಹೇಳಿದೆ. ಅವಳು ಕುಣಿದೇಬಿಟ್ಟಳು. "ಅಮ್ಮಾ, ಆ ಯುದ್ಧಕ್ಕೆ ಹೋದವರೂ ಹಾಗೇ! ದೇವರಿಗೆ ಮಾತು ಕೊಟ್ಟು, ಬಟ್ಟೆ ಹರಿದು ಶಿಲುಬೆ ಮಾಡಿ ಹೆಗಲಿಗೆ ಹೊಲ್ಕೋತಿದ್ರು!"

ಭಾನುವಾರ ಬೆಳಿಗ್ಗೆ ಇವರು ಯಾರಿಗೂ ಹೇಳದೆ ಕಟಿಂಗ್ ಅಂಗಡಿಗೆ ಹೋಗಿ ಬಂದರು. ಬಾಗಿಲು ತೆಗೆದ ನಾನು ಯಾರೋ ಅಂದುಕೊಂಡೆ. ಮೂವರೂ ಲಿವರ್‌ಮೋರಿಗೆ ಹೋದೆವು. ಗರ್ಭಗುಡಿ ಮುಂದೆ ಇವರು ಗಂಟು ಬಿಚ್ಚಿ ನಾಣ್ಯ ಹುಂಡಿಗೆ ಹಾಕಿ ಗಳಗಳ ಅತ್ತರು. ಹರಕು ಮಾತ್ರ ತನ್ವಿ ಇಟ್ಟುಕೊಂಡಳು.

ಸೋಮವಾರ ಕ್ಲಾಸಿನಲ್ಲಿ ಹಿಂದಿನ ಸಾಲಿನಲ್ಲಿ ಕೂತೆವು. "ಹೋದವರು ಅಲ್ಲಿ ಮಾಡಿದ ಕೊಲೆಗಳು ಘೋರ ತಪ್ಪು," ಅಂತಲೇ ಶುರು ಮಾಡಿದಳು ತನ್ವಿ. "ಆದರೆ ಇವತ್ತಿನ ಪ್ರಶ್ನೆ, ಯಾಕೆ ಹೊರಟರು ಅನ್ನೋದು." ಎದುರು ಪಾರ್ಟಿಯ ಹುಡುಗಿ ಜೋರು. "ಅಷ್ಟು ನಂಬಿಕೆ ಇದ್ದಿದ್ದರೆ, ಮಾತು ಕೊಟ್ಟ ಎಷ್ಟೋ ಜನ ವರ್ಷಗಟ್ಟಲೆ ಯಾಕೆ ಹೊರಡಲೇ ಇಲ್ಲ?"

ತನ್ವಿ ಹಿಂದಿನ ಸಾಲಿಗೆ ಬೆರಳು ತೋರಿಸಿದಳು. "ತಲೆ ಬೋಳಿಸ್ಕೊಂಡು ದೇವಸ್ಥಾನಕ್ಕೆ ಬರ್ತೀನಿ ಅಂತ ದೇವರಿಗೆ ಮಾತು ಕೊಟ್ಟ ನಮ್ಮಪ್ಪ ಹನ್ನೆರಡು ವರ್ಷ ತಗೊಂಡ್ರು. ನಿನ್ನೆ ಹೋದ್ರು." ಇಡೀ ಕ್ಲಾಸು ತಿರುಗಿ ಆ ಬೋಳು ತಲೆ ನೋಡಿ ಗೊಳ್ಳೆಂದಿತು. ಇವರು ನಾಚಿ ಕೆಂಪಾದರು.

ಅವಳು ಹಳದಿ ಚಿಂದಿ ಎತ್ತಿ ಹಿಡಿದಳು. ಮನೆಯಲ್ಲೂ ಇಂಗ್ಲಿಷೇ ಆಡುವ ಹುಡುಗಿ, ಅಷ್ಟು ಜನರ ಮುಂದೆ ಅಪ್ಪನನ್ನೇ ನೋಡುತ್ತಾ ಕನ್ನಡದಲ್ಲಿ ಹೇಳಿದಳು: "ಇದು ಹರಕು ಅಲ್ಲ. ಹರಕೆ. ಅಪ್ಪ ಬೇಡ್ಕೊಂಡಿದ್ದು ನನ್ನನ್ನೇ."