ಕಪ್ಪಿನ ಅಂಚು

ಮುದುಕಿಗೆ ಮತ್ತಿನ ಮದ್ದು ಪೂರ್ತಿ ಹತ್ತಿದ ಮೇಲೆ ನಾವು ಮೂವರೂ ಒಳಗೆ ಹೋದೆವು. ಮುದುಕಿ ಎಂದರೆ ನಮ್ಮ ಮೃಗಾಲಯದ ಹಿಮಕರಡಿ. ನಾನು ಅಲ್ಲಿನ ವೈದ್ಯೆ. ಅವಳನ್ನು ನೋಡಿಕೊಳ್ಳುವವನು ನನ್ನ ಮೈದುನ. ಮೂರನೆಯವರು ನರ್ಸಮ್ಮ, ಅವಳ ಉಸಿರಿನ ಮೇಲೆ ಕಣ್ಣಿಡುವುದು ಅವರ ಕೆಲಸ.

ಮುದುಕಿ ಕುಂಟುತ್ತಿದ್ದಳು, ತಿನ್ನುವುದು ಬಿಟ್ಟಿದ್ದಳು. ಮುಂಗಾಲಿನ ಮೊಣಕೈಯಲ್ಲಿ ಕೂದಲು ಉದುರಿ ಅಂಗೈಯಗಲ ಕಪ್ಪು ಕಾಣುತ್ತಿತ್ತು. ಸರಳಿನ ಈಚೆಯಿಂದ ನಾನೂ ಮೈದುನನೂ ಅದನ್ನು ವಾರಗಟ್ಟಲೆ ನೋಡಿದ್ದೆವು. ಹಿಮಕರಡಿಯ ಕೂದಲಿಗೆ ಬಣ್ಣವೇ ಇಲ್ಲ. ಒಳಗೆ ಟೊಳ್ಳು, ಬೆಳಕು ಚದುರಿ ಬೆಳ್ಳಗೆ ಕಾಣುತ್ತದೆ. ಅದರಡಿಯ ಚರ್ಮ ಕಪ್ಪು. ಮೈದುನ ಇದನ್ನೇ ದಿನವೂ ನೋಡಲು ಬಂದವರಿಗೆ ಮೈಕಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾನೆ. ಹಾಗಾಗಿ ಕಪ್ಪು ಕಂಡಾಗ ಇಬ್ಬರಿಗೂ ಏನೂ ಅನ್ನಿಸಲಿಲ್ಲ.

"ವಯಸ್ಸಾಯ್ತು, ಕೂದಲು ಉದುರುತ್ತೆ" ಎಂದಿದ್ದೆ.

"ನನಗೂ ಉದುರ್ತಿದೆ. ಒಂದು ಮಾತ್ರೆನಾದ್ರೂ ಕೊಟ್ಟಿದ್ದೀರಾ, ಅತ್ತಿಗೆ?" ಎಂದಿದ್ದ.

ಈಗ ಅದರ ಸುತ್ತ ಬೋಳಿಸಿದೆ. ಕಪ್ಪು. ಇನ್ನಷ್ಟು ಬೋಳಿಸಿದೆ. ಕಪ್ಪೇ. ನಡುವಿನಿಂದ ಮಾತ್ರ ಕೊಳೆತ ವಾಸನೆ ಬಂತು.

ಒಂದೇ ಮಗ್ಗುಲಲ್ಲಿ ಸಿಮೆಂಟಿನ ಮೇಲೆ ಮಲಗಿ ಮಲಗಿ ಚರ್ಮ ಸತ್ತಿತ್ತು. ಸತ್ತ ಚರ್ಮವೂ ಕಪ್ಪಾಗುತ್ತದೆ. ಬೇರೆ ಪ್ರಾಣಿಯಾಗಿದ್ದರೆ ಅಂಚು ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ಕಪ್ಪಿನ ಪಕ್ಕ ಕಪ್ಪು. ಕೊಳೆತ ಕೀಲಿನೊಳಗೆ ಇಳಿದಿದ್ದರೆ ಅವಳನ್ನು ಎಬ್ಬಿಸುವ ಮಾತೇ ಇಲ್ಲ, ಮತ್ತಿನಲ್ಲೇ ಕಳಿಸಿಕೊಡಬೇಕು.

"ಮೈ ಬಿಸಿ ಏರ್ತಿದೆ ಡಾಕ್ಟ್ರೇ" ಎಂದರು ನರ್ಸಮ್ಮ.

"ಕಂಕುಳಿಗೆ ಐಸ್ ಇಡಿ."

"ಅದು ಕಪ್ಪಿರೋದೇ ಅಲ್ವಾ ಅತ್ತಿಗೆ?" ಮೈದುನ ಕೇಳಿದ.

"ಅಲ್ಲ."

ಅವನಿಗೆ ಅರ್ಥವಾಯಿತು. "ಊರಿಗೆಲ್ಲ ಪಾಠ ಹೇಳ್ತಿದ್ದೆನಲ್ಲ ನಾನು."

"ಇಬ್ಬರೂ ನೋಡಿದ್ವಿ. ಕಾಲು ಅಲುಗದ ಹಾಗೆ ಹಿಡ್ಕೋ."

ಕೈಗವಸು ತೆಗೆದು ಬೆರಳ ಹಿಂಬದಿಯನ್ನು ಚರ್ಮದ ಮೇಲೆ ಸರಿಸಿದೆ. ಬೆಚ್ಚಗೆ, ಬೆಚ್ಚಗೆ, ತಣ್ಣಗೆ. ತಣ್ಣಗಿನ ಮೈ ಹೇಗಿರುತ್ತದೆಂದು ಈ ಕೈಗೆ ಗೊತ್ತು; ಮೈದುನನ ಅಣ್ಣ ಹೋದ ಬೆಳಿಗ್ಗೆ ಗೊತ್ತಾಗಿತ್ತು. ಆದರೆ ಅಂದಿನಿಂದ ಎಷ್ಟೋ ಸಲ ಬಿಸಿ ಲೋಟವೂ ಈ ಕೈಗೆ ತಣ್ಣಗೆ ಅನ್ನಿಸುತ್ತದೆ. ಅದನ್ನು ನಂಬಿ ಕತ್ತರಿಸಲು ಧೈರ್ಯ ಬರಲಿಲ್ಲ.

ಹೊಸ ಕೈಗವಸು ಹಾಕಿ ಸೂಜಿ ತೆಗೆದುಕೊಂಡೆ. ಚುಚ್ಚಿದಲ್ಲಿ ರಕ್ತ ಬಂದರೆ ಚರ್ಮ ಬದುಕಿದೆ. ರಕ್ತ ಬಂದಲ್ಲೆಲ್ಲ ಗುರುತಿಗೆ ಬಿಳಿ ದಾರದ ಒಂದೊಂದು ಹೊಲಿಗೆ ಹಾಕುತ್ತಾ ಸುತ್ತಿ ಬಂದೆ. ಕೀಲಿನ ಕಡೆ ಚುಚ್ಚಿದೆ. ಬರಲಿಲ್ಲ. ಸ್ವಲ್ಪ ಆಚೆ ಚುಚ್ಚಿದೆ. ಇಲ್ಲ.

"ಅಲ್ಲೂ ಇಲ್ವಾ?"

"ಮಾತಾಡಿಸಬೇಡ."

"ಉಸಿರು ನಿಧಾನ ಆಗ್ತಿದೆ" ಎಂದರು ನರ್ಸಮ್ಮ.

ಸರಿಯಾಗಿ ಕೀಲಿನ ಮೇಲೆ ಬ್ಲೇಡ್ ಇಟ್ಟೆ. ಸತ್ತ ಚರ್ಮ ದಪ್ಪ ಚಪ್ಪಲಿಯ ತೊಗಲಿನಂತೆ ಸೀಳಿತು. ಕೆಳಗೆ ಹಳದಿ ಕೀವು. ಅದನ್ನು ಒರೆಸಿ ಮತ್ತೆ ಕೆರೆದೆ. ಮೈದುನ ಅವಳ ಕಾಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ. ಕೀಲಿನ ಪೊರೆ ಕಂಡಿತು, ನುಣ್ಣಗೆ. ಎಲ್ಲಿಯೂ ಹರಿದಿರಲಿಲ್ಲ, ಕೊಳೆತ ಒಳಗಿಳಿದಿರಲಿಲ್ಲ. ಅದರ ಸುತ್ತ ಸಣ್ಣಗೆ ರಕ್ತ ಒಸರತೊಡಗಿತು.

ದಾರದ ಗುರುತಿನವರೆಗೆ ಕತ್ತರಿಸಿ ತೆಗೆದು, ಮದ್ದು ತುಂಬಿ, ಮತ್ತಿಳಿಸುವ ಚುಚ್ಚುಮದ್ದು ಕೊಟ್ಟು ಹೊರಗೆ ಬಂದು ಚಿಲಕ ಹಾಕಿದೆವು. ಮೈದುನ ಸರಳಿಗೆ ಹಣೆಯಿಟ್ಟು ನಿಂತ.

"ಬದುಕ್ತಾಳಾ?"

"ಮೊದಲು ಏಳಲಿ."

"ನಾಳೆ ಜನ ಕೇಳ್ತಾರೆ, ಅಲ್ಲಿ ಯಾಕೆ ಅಷ್ಟು ಕೆಂಪು ಅಂತ. ಏನು ಹೇಳಲಿ ಅತ್ತಿಗೆ?"

"ಕೆಂಪಿದ್ರೆ ಒಳ್ಳೇದು ಅಂತ ಹೇಳು."

ಮುದುಕಿ ಇನ್ನೂ ಎದ್ದಿರಲಿಲ್ಲ. ಅವಳ ಮೂಗಿನ ಮುಂದಿನ ಹುಲ್ಲು ಮಾತ್ರ ಅಲುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಅಲುಗುತ್ತಿತ್ತು.